ಓದುವ ಹೊತ್ತಿಗೆ ನೀರು ತರಲು ಏಳುತ್ತಿದ್ದವಳು

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಮಗಳಿಗೆ ಮೂರನೇ ತರಗತಿ ಮುಗಿಯುತ್ತಾ ಬಂದರೂ ಕನ್ನಡ ಓದಲು ಬರುತ್ತಿರಲಿಲ್ಲ. ಈ ಎರಡೂ ಮಾತು ಒಟ್ಟಿಗೆ ನೆನಪಾದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ, ಯಾಕೆ ಬಂದೆ ಎಂಬುದು ಮರೆತು ವಾಪಸ್ಸು ಬರುತ್ತಿದ್ದೆ. ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ.

ಮನೆ ಚಳ್ಳಕೆರೆಯಲ್ಲಿ, ನನ್ನ ಶಾಲೆ ಮೊಳಕಾಲ್ಮೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಗಂಡ ಚಳ್ಳಕೆರೆಯಲ್ಲೇ ಪಂಪ್‌ಸೆಟ್ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಒಬ್ಬಳೇ ಮಗಳು. ಮಾತಿನಲ್ಲಿ ಚುರುಕು. ಒಂದು ಕತೆ ಕೇಳಿದರೆ ಅದರಲ್ಲಿ ಯಾರು ಕೆಮ್ಮಿದರು, ಯಾರು ಬಾಗಿಲು ಹಾಕಿದರು ಎಂಬುದೂ ಬಿಡದಂತೆ ಮತ್ತೊಬ್ಬರಿಗೆ ಹೇಳುತ್ತಿದ್ದಳು. ಪಾಠವನ್ನೂ ಹಾಗೆಯೇ ಒಪ್ಪಿಸುತ್ತಿದ್ದಳು. ಪುಸ್ತಕ ಹಿಡಿದು ಗಡಗಡನೆ ಹೇಳಿ ಮುಗಿಸುತ್ತಿದ್ದಳು. ಅದನ್ನೇ ನಾನು ಓದು ಅಂದುಕೊಂಡಿದ್ದೆ.

ಒಂದು ಭಾನುವಾರ ಪುಟದ ಮಧ್ಯದಲ್ಲಿ ಬೆರಳಿಟ್ಟು, "ಇಲ್ಲಿಂದ ಓದು" ಅಂದೆ. ಮಗು ನನ್ನ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟಿತು.

"ಅವ್ವಾ, ಬೆರಳು ಇಡಬ್ಯಾಡ. ಮೊದ್ಲಿಂದ ಹೇಳ್ತೀನಿ."

"ಮೊದ್ಲಿಂದ ಬ್ಯಾಡ. ಇಲ್ಲಿ ಏನೈತೆ, ಅದನ್ನ ಹೇಳು."

ಅಲ್ಲಿದ್ದದ್ದು 'ಬಳೆ' ಎಂಬ ಮಾತು. ಅವಳು ಅದನ್ನು ನೋಡಿದಳು, ಚಿತ್ರವನ್ನು ನೋಡಿದಳು, ನನ್ನ ಬಾಯಿಯನ್ನು ನೋಡಿದಳು. "ಮಳೆ" ಅಂದಳು. ಚಿತ್ರದಲ್ಲಿ ಮೋಡ ಇತ್ತು.

ಅಲ್ಲಿಂದ ನನ್ನ ಓಡಾಟ ಶುರುವಾಯಿತು. ಕಣ್ಣಿನ ಡಾಕ್ಟರಿಗೆ ತೋರಿಸಿದೆವು, ಕಣ್ಣು ಚೆನ್ನಾಗಿದೆ ಅಂದರು. ಟ್ಯೂಷನ್‌ಗೆ ಹಾಕಿದೆವು, ಹುಡುಗಿಗೆ ಗಮನ ಸಾಲದು ಅಂದರು. ಸಂತೆಯಲ್ಲಿ ಪರಿಚಯದ ಒಬ್ಬರು ದರ್ಗಾದ ದಾರದ ವಿಷಯ ಹೇಳಿದರು. ಅದನ್ನೂ ಕಟ್ಟಿಸಿಕೊಂಡು ಬಂದೆ. ಮನೆಯ ಗೋಡೆಗೆಲ್ಲ ಅಕ್ಷರದ ಹಾಳೆ ಅಂಟಿಸಿದೆ. ಊಟ ಬಡಿಸುತ್ತಾ ಕೇಳುವುದು, ತಲೆ ಬಾಚುತ್ತಾ ಕೇಳುವುದು, ಇದು 'ಥ'ನಾ 'ಧ'ನಾ, ಇದು 'ರ'ನಾ 'ಠ'ನಾ. ಮಗಳು ನನ್ನನ್ನು ಕಂಡರೆ ಹಿತ್ತಲಿಗೆ ಹೋಗಿ ನಿಲ್ಲುವಷ್ಟಾಯಿತು.

ಕೊನೆಗೆ ದಾವಣಗೆರೆಯಲ್ಲಿ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಮಗಳನ್ನು ಒಳಗೆ ಕೂರಿಸಿಕೊಂಡು ಅರ್ಧ ದಿನ ಮಾತಾಡಿಸಿದರು, ಓದಿಸಿದರು, ಬರೆಸಿದರು, ಆಟ ಆಡಿಸಿದರು. ನಾನು ಹೊರಗೆ ಬೆಂಚಿನ ಮೇಲೆ ಕೂರಲಾರದೆ ಕಾರಿಡಾರಿನ ಉದ್ದಕ್ಕೂ ನಡೆಯುತ್ತಿದ್ದೆ. ನೆಲ ಒರೆಸುವ ಹೆಂಗಸು, "ಒಣಗೋ ತನಕನಾದ್ರೂ ನಿಲ್ರಿ ಅಕ್ಕಾರೆ" ಅಂದಳು.

ವೈದ್ಯೆ ನನ್ನನ್ನು ಒಳಗೆ ಕರೆದು ಹೇಳಿದರು: "ಬುದ್ಧಿ ಚೆನ್ನಾಗಿದೆ, ಕಣ್ಣು ಕಿವಿ ಚೆನ್ನಾಗಿದೆ. ಅಕ್ಷರ ನೋಡಿ ಅದರ ಸದ್ದನ್ನ ತಕ್ಷಣ ನೆನಪಿಗೆ ತಂದುಕೊಳ್ಳೋದು ಇವಳಿಗೆ ಕಷ್ಟ. ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಮಾತ್ರೆ ಔಷಧಿ ಇಲ್ಲ. ಕಲಿಸೋ ರೀತಿ ಬದಲಾಯಿಸಬೇಕು."

"ಎಷ್ಟು ದಿನದಲ್ಲಿ ಸರಿಹೋಗುತ್ತೆ ಮೇಡಂ?"

"ಆ ಪ್ರಶ್ನೆ ಬಿಟ್ಟುಬಿಡಿ. ನೀವು ಅದನ್ನ ಕೇಳ್ತಾ ಇದ್ರೆ ಮಗುಗೆ ಕೇಳಿಸುತ್ತೆ."

ಆ ಸಂಜೆ ಬಸ್ಸಿಳಿದು ನೇರ ಗಂಡನ ಅಂಗಡಿಗೆ ಹೋದೆವು. ಅವರು ಮೋಟಾರೊಂದಕ್ಕೆ ತಾಮ್ರದ ತಂತಿ ಸುತ್ತುತ್ತಿದ್ದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೈ ನಿಲ್ಲಿಸಿ ಮಗಳನ್ನು ನೋಡಿದರು.

"ನಂಗೂ ಹಿಂಗೇ ಆಗ್ತಿತ್ತು ಕಣೆ," ಅಂದರು.

"ಏನು?"

"ಸಾಲು ತಪ್ಪಿಹೋಗೋದು. ಒಂದು ಪದ ಓದೋ ಹೊತ್ತಿಗೆ ಹಿಂದಿನ ಪದ ಮರೆಯೋದು. ಈಗ್ಲೂ ಹಂಗೇ ಐತೆ. ಲಗ್ನಪತ್ರಿಕೆ ಬಂದ್ರೆ ನಿನ್ನ ಕೈಗೇ ಕೊಡ್ತೀನಲ್ಲ, ಯಾಕಂದ್ಕೊಂಡಿದ್ದೆ?"

ಇವರಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಪೇಪರು ಮುಟ್ಟುವುದಿಲ್ಲ ಅಂತ ಮದುವೆಯಾದಂದಿನಿಂದ ನಗೆಯಾಡುತ್ತಾ ಬಂದಿದ್ದೆ. ಅವರೂ ನಗುತ್ತಿದ್ದರು. ಮಗಳು ಸ್ಟೂಲಿನಿಂದ ಇಳಿದು ಅಪ್ಪನ ಮೊಣಕಾಲಿಗೆ ಒರಗಿ ನಿಂತಳು. "ನಿಂಗೂ ಬರಲ್ವಾ ಅಪ್ಪಾ?" ಅಂದಳು. ಅಷ್ಟು ಸಂತೋಷದ ದನಿ ಅವಳಿಂದ ನಾನು ಕೇಳಿ ಬಹಳ ದಿನವಾಗಿತ್ತು.

ಮುಂದಿನ ಜೂನ್‌ನಲ್ಲಿ ಅವಳನ್ನು ನಮ್ಮ ಹೈಸ್ಕೂಲಿನ ಪಕ್ಕದ ಪ್ರಾಥಮಿಕ ಶಾಲೆಗೆ ಸೇರಿಸಿದೆ. ಚಳ್ಳಕೆರೆಯಿಂದ ನನ್ನ ಜೊತೆಯೇ ಬಸ್ಸಿನಲ್ಲಿ ಬಂದು, ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಹೈಸ್ಕೂಲಿನ ಜಗಲಿಯಲ್ಲಿ ಕೂರುತ್ತಿದ್ದಳು. ನಮ್ಮ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಅದೇ ನಮ್ಮ ಓದಿನ ಹೊತ್ತು. ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಾ ಅದರ ಸದ್ದನ್ನು ಜೋರಾಗಿ ಹೇಳಬೇಕು. ಪದವನ್ನು ಚಪ್ಪಾಳೆಯಲ್ಲಿ ಒಡೆಯಬೇಕು. ರಟ್ಟಿನ ತುಂಡಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿದ್ದೆ. ಅದನ್ನು ಪುಟದ ಮೇಲಿಟ್ಟರೆ ಉಳಿದ ಸಾಲುಗಳು ಮುಚ್ಚಿಕೊಳ್ಳುತ್ತಿದ್ದವು. ಇದೆಲ್ಲ ದಾವಣಗೆರೆಯಲ್ಲಿ ಹೇಳಿಕೊಟ್ಟದ್ದು. ನಿಧಾನವಾಗಿ ಮಾಡಬೇಕು ಅಂದಿದ್ದರು. ನಿಧಾನ ನನಗೆ ಬರುವುದಿಲ್ಲ. ಮಗಳು 'ಅಕ್ಕ' ಎಂಬುದನ್ನು 'ಅಕ' ಎಂದು ಓದಿ, ಕೆಳಗಿನ ಒತ್ತನ್ನು ಬಿಟ್ಟು ಮುಂದೆ ಹೋದಾಗ ನನ್ನ ಕಾಲು ನನಗೆ ಗೊತ್ತಿಲ್ಲದೆ ಕುಣಿಯುತ್ತಿತ್ತು. ಅವಳು ಓದುವುದು ಬಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದಳು.

ಆಗ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎತ್ತರದ ಹುಡುಗಿ, ಕೊನೆಯ ಬೆಂಚು. ಊರಿನ ನೇಕಾರರ ಮನೆಯವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡನ್ನೂ ಸರಾಗವಾಗಿ ಆಡುತ್ತಿದ್ದಳು. ಮೇಷ್ಟರುಗಳಿಗೆಲ್ಲ ಅವಳನ್ನು ಕಂಡರೆ ಇಷ್ಟ, ಯಾಕೆಂದರೆ ಯಾವ ಕೆಲಸಕ್ಕೂ ಮುಂದೆ. ಬೋರ್ಡು ಒರೆಸುವುದು, ಸೀಮೆಸುಣ್ಣ ತರುವುದು, ಕುಡಿಯುವ ನೀರು ತುಂಬಿಡುವುದು. ಓದು ಮಾತ್ರ ಹಿಂದೆ. "ಮನೇಲಿ ತೆಲುಗು ಅಲ್ವಾ, ಅದಕ್ಕೇ," ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಅನ್ನುತ್ತಿದ್ದೆವು. ಆದರೆ ಅದೇ ತರಗತಿಯಲ್ಲಿ ತೆಲುಗು ಮನೆಯ ಮಕ್ಕಳು ಇನ್ನೂ ಎಷ್ಟೋ ಜನ ಇದ್ದರು. ಅವರು ಚೆನ್ನಾಗಿಯೇ ಓದುತ್ತಿದ್ದರು.

ಒಂದು ದಿನ ಮಕ್ಕಳು ಸಾಲಾಗಿ ಎದ್ದು ಒಂದೊಂದು ಪ್ಯಾರಾ ಓದುತ್ತಿದ್ದರು. ಸರದಿ ಅವಳ ಬೆಂಚಿನ ಹತ್ತಿರ ಬರುತ್ತಿದ್ದಂತೆ ಅವಳ ತುಟಿ ಅಲುಗತೊಡಗಿತು. ತನಗೆ ಬರುವ ಪ್ಯಾರಾ ಯಾವುದೆಂದು ಲೆಕ್ಕ ಹಾಕಿ, ಪಕ್ಕದವಳ ಹತ್ತಿರ ಕೇಳಿ, ಬಾಯಿಪಾಠ ಮಾಡಲು ನೋಡುತ್ತಿದ್ದಳು. ಆಗಲಿಲ್ಲ. ಎದ್ದು ನಿಂತಳು.

"ಮಿಸ್, ಕೊಡದಲ್ಲಿ ನೀರು ಖಾಲಿಯಾಗೈತೆ. ತರ್ತೀನಿ."

ಕೊಡ ತುಂಬಿತ್ತು. ಬೆಳಿಗ್ಗೆ ಅವಳೇ ತುಂಬಿದ್ದಳು. ನಾನು "ಹೋಗಿ ಬಾ" ಅಂದೆ. ಅವಳು ಹೊರಟ ಮೇಲೆ ಯಾರು ಏನು ಓದಿದರೋ ನನ್ನ ಕಿವಿಗೆ ಬೀಳಲಿಲ್ಲ. ಮಗಳು ಬೆರಳನ್ನು ಎತ್ತಿ ಪಕ್ಕಕ್ಕಿಟ್ಟದ್ದೇ ಕಣ್ಣಿಗೆ ಕಟ್ಟುತ್ತಿತ್ತು.

ಹೇಗೆ ಮಾತು ತೆಗೆಯಲಿ ಎಂದು ನಾನು ಒದ್ದಾಡುತ್ತಿರುವಾಗಲೇ ಅವಳೇ ಬಂದಳು. ಸಂಜೆ ಗಿಡಗಳಿಗೆ ನೀರು ಹಾಕಲು ಉಳಿಯುತ್ತಿದ್ದವಳು, ಜಗಲಿಯಲ್ಲಿ ರಾಗಿಹಿಟ್ಟಿನ ತಟ್ಟೆಯನ್ನೂ ನನ್ನ ಮಗಳನ್ನೂ ದೂರದಿಂದ ನೋಡುತ್ತಿದ್ದಳು. ಒಂದು ದಿನ ಬಕೆಟ್ ಕೆಳಗಿಟ್ಟು ಕೇಳಿದಳು.

"ಮಿಸ್, ನಾನು ಪಾಪುಗೆ ಓದ್ಸಲಾ?"

ನಾನು ಅವಳ ಮುಖ ನೋಡಿದೆ. ಅವಳು ತಟ್ಟೆಯನ್ನು ನೋಡುತ್ತಿದ್ದಳು.

"ಓದ್ಸು," ಅಂದೆ.

ಹಾಗೆ ಅವರಿಬ್ಬರ ಓದು ಶುರುವಾಯಿತು. ನಾನು ಸ್ಟಾಫ್ ರೂಮಿಗೆ ಹೋಗಿ ಕಿಟಕಿಯ ಪಕ್ಕ ನಿಲ್ಲುತ್ತಿದ್ದೆ. ಎರಡನೇ ತರಗತಿಯ ಪುಸ್ತಕ ಮಧ್ಯದಲ್ಲಿ. ದೊಡ್ಡವಳು ಕಿಂಡಿಯ ರಟ್ಟನ್ನು ಸರಿಸುತ್ತಿದ್ದಳು, ಚಿಕ್ಕವಳು ಚಪ್ಪಾಳೆ ತಟ್ಟುತ್ತಿದ್ದಳು. ಪುಟ್ಟ ಪಾಪುಗೆ ಕಲಿಸುತ್ತಿದ್ದಾಳೆ ಎಂದುಕೊಂಡು ಯಾರೂ ಆ ಕಡೆ ಎರಡನೇ ಸಲ ನೋಡುತ್ತಿರಲಿಲ್ಲ. ಹೈಸ್ಕೂಲಿನ ಹುಡುಗಿ ಎರಡನೇ ತರಗತಿಯ ಪುಸ್ತಕ ಹಿಡಿಯಲು ಅದಕ್ಕಿಂತ ಮರ್ಯಾದೆಯ ದಾರಿ ಇರಲಿಲ್ಲ. ಮಗಳೂ ನನ್ನ ಜೊತೆಗಿಂತ ಅವಳ ಜೊತೆ ಹೆಚ್ಚು ಓದುತ್ತಿದ್ದಳು. ಅವಳ ಕಾಲು ಕುಣಿಯುತ್ತಿರಲಿಲ್ಲವಲ್ಲ.

ಮಳೆಗಾಲ ಕಳೆಯಿತು. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಸಂಜೆ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಮರೆತ ಟಿಫಿನ್ ಬಾಕ್ಸಿಗಾಗಿ ವಾಪಸ್ಸು ಬಂದರು. ಅದೇ ಹೊತ್ತಿಗೆ ನಾನು ಜಗಲಿಗೆ ಬಂದೆ. ಮಗಳು ನನ್ನನ್ನು ಕಂಡವಳೇ, ದೊಡ್ಡ ಸುದ್ದಿಯೆಂಬಂತೆ ಕೂಗಿ ಹೇಳಿದಳು:

"ಅವ್ವಾ, ಅಕ್ಕಂಗೂ ನನ್ನಂಗೇ ಐತೆ! ಅಕ್ಕಂಗೂ ಓದಕ್ಕೆ ಬರಲ್ಲ!"

ಆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ನಗು ಬೆರಳಿನ ಸಂದಿಯಿಂದ ಹೊರಬಂತು. ದೊಡ್ಡವಳು ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಗೇಟು ದಾಟಿ ಹೋದಳು. ನಾನು ಹಿಂದೆಯೇ ಹೆಜ್ಜೆ ಹಾಕಿದೆ. ಅವಳು ಓಡಿದಳು.

ಬಸ್ಸಿನಲ್ಲಿ ಮಗಳು ತಳಕು ಊರು ಬರುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ನಾನು ಸುಳ್ಳು ಹೇಳಿದ್ನಾ ಅವ್ವಾ?"

"ಇಲ್ಲ. ನಿಜಾನೇ ಹೇಳಿದ್ದು."

"ಮತ್ತೆ ಅಕ್ಕ ಯಾಕ್ ಅತ್ಲು?"

ನನಗೆ ಅವಳು ಅತ್ತದ್ದು ಕಂಡಿರಲಿಲ್ಲ. ಮಗಳಿಗೆ ಕಂಡಿತ್ತು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರ ನಾನು ಪಾಠ ಮಾಡುತ್ತಾ ಮಾಡುತ್ತಾ ಕೊನೆಯ ಬೆಂಚನ್ನೇ ನೋಡುತ್ತಿದ್ದೆ, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ನಾಳೆ ಬರುತ್ತಾಳೆ ಅಂದುಕೊಳ್ಳುವುದು, ಬೆಳಿಗ್ಗೆ ಖಾಲಿ ಬೆಂಚು ನೋಡುವುದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ತಕ್ಷಣ ಮಗಳ ಕೈ ಹಿಡಿದುಕೊಂಡು ಅವಳ ಮನೆಗೆ ಹೊರಟೆ.

ಬಾಗಿಲ ಒಳಗೇ ಮಗ್ಗ. ಅವಳ ತಾಯಿ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ರಂಡಿ, ರಂಡಿ ಟೀಚರಮ್ಮ, ಕೂರ್ಚೋಂಡಿ." ಬನ್ನಿ, ಕೂತ್ಕೊಳ್ಳಿ ಎಂದು ತೆಲುಗಿನಲ್ಲಿ ಕರೆದು, ಆಮೇಲೆ ಕನ್ನಡಕ್ಕೆ ತಿರುಗಿದರು. "ಅವಳು ಶಾಲೆಗೆ ಬರಲ್ಲ ಅಂತಾಳೆ. ನಾನೂ ಬ್ಯಾಡ ಬಿಡು ಅಂದೆ. ಓದು ಅವಳ ತಲೆಗೆ ಹತ್ತಲ್ಲ. ಹತ್ತನೇ ಕ್ಲಾಸಲ್ಲಿ ಫೇಲಾಗಿ ಎಲ್ಲರ ಹತ್ರ ನಗಿಸ್ಕೊಳ್ಳೋದು ಯಾಕೆ? ಮಗ್ಗದ ಕೆಲಸ ಕಲೀಲಿ."

"ಮಗ್ಗದ ಕೆಲಸ ಬ್ಯಾಡ ಅನ್ನಲ್ಲ ಅಮ್ಮ. ಒಂದು ಸಲ ಅವಳ ಹತ್ರ ಮಾತಾಡ್ತೀನಿ."

ಅವಳು ಒಳಕೋಣೆಯಲ್ಲಿ ರಾಟೆಯ ಮುಂದೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. ಮಗಳು ಹೋಗಿ ಅವಳಿಗೆ ತಾಗಿಕೊಂಡು ಕೂತಳು. ನಾನು ನಿಂತೇ ಇದ್ದೆ.

"ನಿಮಗೆ ಮೊದ್ಲೇ ಗೊತ್ತಿತ್ತಾ ಮಿಸ್?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಓಡಿಹೋಗ್ತೀಯ ಅಂತ."

"ಈಗ್ಲೂ ಓಡಿಬಂದ್ನಲ್ಲ."

ನಾನು ನೆಲದ ಮೇಲೆ ಕೂತೆ. ದಾವಣಗೆರೆಯ ವೈದ್ಯೆ ನನಗೆ ಹೇಳಿದ್ದನ್ನು ಅವಳಿಗೆ ಹೇಳಿದೆ. ಅದಕ್ಕೆ ಹೆಸರಿದೆ ಅಂದೆ. ನನ್ನ ಗಂಡನಿಗೂ ಇದೆ, ಅವರು ಹಾಳಾದ ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆ ಅಂದೆ. ಅವಳು ರಾಟೆ ನಿಲ್ಲಿಸಿದಳು.

"ಇದು ಹೋಗುತ್ತಾ ಮಿಸ್?"

"ಹೋಗಲ್ಲ. ಆದ್ರೆ ಓದೋಕೆ ಬರುತ್ತೆ. ನಿಧಾನ ಆಗುತ್ತೆ, ಬೇರೆಯವರಿಗಿಂತ ಕಷ್ಟ ಆಗುತ್ತೆ."

"ಹಂಗಾದ್ರೆ ನಾನು ದಡ್ಡಿ ಅಲ್ವಾ?"

"ಅಲ್ಲ."

ಹೊರಗೆ ಮತ್ತೆ ಶುರುವಾಗಿದ್ದ ಮಗ್ಗದ ಸದ್ದು ನಿಂತಿತು. "ಏಮಂಟುನ್ನಾರು?" ಎಂದು ತಾಯಿ ಕೇಳಿದರು, ಟೀಚರು ಏನು ಹೇಳ್ತಿದಾರೆ ಅಂತ. ಹುಡುಗಿ, "ನೇನು ಮೊದ್ದು ಕಾದಂಟ ಅಮ್ಮಾ," ಅಂದಳು. ನಾನು ದಡ್ಡಿ ಅಲ್ವಂತೆ ಅಮ್ಮಾ. ತಾಯಿ ಗುಂಡಿಯಿಂದ ಎದ್ದ ಸದ್ದಾಯಿತು. ಆಮೇಲೆ ನಮಗೆ ಟೀ ಬಂತು.

ಅವಳು ಸೋಮವಾರ ಬಂದಳು, ತನ್ನದೇ ಷರತ್ತಿನ ಜೊತೆ. ಜಗಲಿಯಲ್ಲಿ ಕೂರುವುದಿಲ್ಲ, ಒಳಗೆ ಕೋಣೆ ಬೇಕು. ಮತ್ತೆ, "ಎರಡನೇ ಕ್ಲಾಸಿನ ಪುಸ್ತಕ ಬ್ಯಾಡ ಮಿಸ್. ಅದರಲ್ಲಿ ಬರೀ ಗಿಣಿ, ಚೆಂಡು. ನಾನು ಏನಾದ್ರೂ ಹೇಳ್ತೀನಿ, ನೀವು ದಪ್ಪಗೆ ಬರೀರಿ. ಅದನ್ನೇ ಓದ್ತೀನಿ."

ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ, ಅವಳ ಮಾತು ಇದ್ದ ಹಾಗೆಯೇ ಬರೆಯುತ್ತಾ ಹೋದೆ. ಅತ್ತಿಗೆ ತವರಿಗೆ ಹೋಗಿ ಫೋನು ಮರೆತದ್ದು, ಕರೆಂಟು ಹೋದಾಗ ಅಜ್ಜಿ ಲೈನ್‌ಮ್ಯಾನ್‌ಗೆ ಬೈದದ್ದು. ತಾನೇ ಆಡಿದ ಮಾತಾದ್ದರಿಂದ ಮುಂದೆ ಏನು ಬರುತ್ತದೆ ಎಂದು ಅವಳಿಗೆ ಅಂದಾಜಿರುತ್ತಿತ್ತು, ಅಕ್ಷರ ಕೈ ಕೊಟ್ಟಲ್ಲಿ ಅದು ಹಿಡಿದುಕೊಳ್ಳುತ್ತಿತ್ತು. ಬರಬರುತ್ತಾ ಅಂದಾಜು ಬೇಡವಾಗತೊಡಗಿತು. ಕಥೆಗಳನ್ನು ಮಗಳೂ ಓದುತ್ತಿದ್ದಳು, ಏದುಸಿರು ಬಿಡುತ್ತಾ.

ಅವುಗಳಲ್ಲಿ ಒಂದು, ಮಗ್ಗದ ಗುಂಡಿಯಲ್ಲಿ ಹಾವು ಹೊಕ್ಕ ಕಥೆ. ಅಜ್ಜಿ ನೇಯುತ್ತಾ ಕೂತಿದ್ದಾಳೆ, ಗುಂಡಿಯೊಳಗೆ ಕಾಲಿಗೆ ಏನೋ ಮೆತ್ತಗೆ ತಾಗುತ್ತದೆ, ಅಜ್ಜಿ ಅಲ್ಲಾಡದೆ ಕೂತು ಕಣ್ಣಲ್ಲೇ ಮೊಮ್ಮಗಳನ್ನು ಕರೆಯುತ್ತಾಳೆ. ಅಲ್ಲಿಗೆ ನಾನು ಬರೆದ ಹಾಳೆ ಮುಗಿದಿತ್ತು. ಮಗಳು ಓದಿ ಮುಗಿಸಿ, "ಆಮ್ಯಾಕೆ?" ಅಂದಳು.

"ಕೊನೇದು ನಾನೇ ಬರ್ಕೊಂಡು ಬಂದೀನಿ. ಓದ್ಕೋ," ಎಂದು ದೊಡ್ಡವಳು ಚೀಲದಿಂದ ಒಂದು ಹಾಳೆ ತೆಗೆದಳು.

"ನೀನೇ ಹೇಳಕ್ಕಾ."

"ಹೇಳಲ್ಲ."

"ಅವ್ವಾ, ನೀನು ಓದು."

ನಾನು ಕೈ ಚಾಚಿದೆ. ದೊಡ್ಡವಳು ನನ್ನ ಕೈಗೆ ಕೊಡಲಿಲ್ಲ. ಮಗಳಿಗೆ ಕೋಪ ಬಂತು. ಹಾಳೆ ಕಿತ್ತುಕೊಂಡು ಮೂಲೆಗೆ ಹೋಗಿ ಕೂತಳು. ಬೆರಳು ಸರಿಯತೊಡಗಿತು. "ಅ... ದು... ಹಾ... ವ... ಹಾವಲ್ಲ." ತಲೆ ಎತ್ತಿ ನಮ್ಮನ್ನು ನೋಡಿದಳು. ಮತ್ತೆ ಬಗ್ಗಿದಳು. "ಅದು... ಪ... ಪಕ್ಕದ... ಮನೆ... ಬೆ... ಬೆಕಿನ್ನ..." ನಿಂತಳು. ಹಿಂದಕ್ಕೆ ಹೋದಳು. ಮತ್ತೆ ಅದೇ. "ಬೆಕಿನ್ನ... ಬಾಲ." ಹುಬ್ಬು ಗಂಟಿಕ್ಕಿತು. ಬಸ್ಸಿಗೆ ಹೊತ್ತಾಗುತ್ತಿತ್ತು, ನಾನು ಬಾಗಿಲಲ್ಲಿ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ. ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು.

"ಅಕ್ಕಾ!" ಎಂದು ಮಗಳು ಕೂಗಿದಳು. "ಒತ್ತು ತಪ್ಪು ಕಡೆ ಹಾಕೀಯ! 'ಕ'ಗೆ ಹಾಕ್ಬೇಕು, 'ನ'ಗಲ್ಲ! ಬೆಕ್ಕಿನ! ಬೆಕ್ಕಿನ ಬಾಲ!"

ದೊಡ್ಡವಳು ಹೋಗಿ ಹಾಳೆಯನ್ನು ಇಣುಕಿ ನೋಡಿದಳು. "ಅಯ್ಯೋ ಹೌದಲ್ಲೇ," ಅಂದಳು. ಇಬ್ಬರೂ ನಗತೊಡಗಿದರು. ಹಾವಿನ ಬದಲು ಬೆಕ್ಕಿನ ಬಾಲ ಎಂದು ನಗುತ್ತಿದ್ದರೋ, ಒತ್ತು ತಪ್ಪಿದ್ದಕ್ಕೋ ಗೊತ್ತಿಲ್ಲ. ಇನ್ನೊಬ್ಬರು ಬರೆದದ್ದರಲ್ಲಿ ನನ್ನ ಮಗಳು ತಪ್ಪು ಹಿಡಿದದ್ದು ಅದೇ ಮೊದಲು. ಆ ದಿನ ನಮಗೆ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಬೆಕ್ಕಿನ ಬಾಲದ ಕಥೆಯನ್ನು ಮಗಳು ಕಂಡಕ್ಟರಿಗೂ ಹೇಳಿದಳು.

ಹತ್ತನೇ ತರಗತಿಯಲ್ಲಿ ದೊಡ್ಡವಳನ್ನೂ ದಾವಣಗೆರೆಗೆ ಕರೆದುಕೊಂಡು ಹೋಗಿ ಬಂದೆವು, ಅವಳ ತಾಯಿಯೂ ಬಂದರು. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಪ್ರಶ್ನೆ ಓದಿ ಹೇಳುವವರೂ ಸಿಗುತ್ತಾರೆ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಎಲ್ರಿಗೂ ಹೆಚ್ಚು ಟೈಮ್ ಕೊಟ್ರೆ ಎಲ್ರೂ ಪಾಸಾಗ್ತಾರೆ ಬಿಡ್ರಿ ಮೇಡಂ," ಅಂದರು. "ಕೊಟ್ಟು ನೋಡ್ರಿ ಸರ್," ಅಂದೆ. ಹುಡುಗಿ ಮಾತ್ರ ಓದಿ ಹೇಳುವವರು ಬೇಡವೇ ಬೇಡ ಅಂದಳು. "ಪಕ್ಕದಲ್ಲಿ ಯಾರಾದ್ರೂ ಕೂತ್ರೆ ನಂಗೆ ಒಂಬತ್ತನೇ ಕ್ಲಾಸೇ ನೆನಪಾಗ್ತೈತೆ. ಟೈಮ್ ಕೊಡ್ಲಿ, ಸಾಕು." ನಾನೂ ಅವಳ ತಾಯಿಯೂ ಎಷ್ಟು ಹೇಳಿದರೂ ಒಪ್ಪಲಿಲ್ಲ.

ಕನ್ನಡ ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ಗಂಟೆ ಹೊಡೆಯಿತು, ಮಕ್ಕಳೆಲ್ಲ ಹೊರಬಂದರು, ಬಯಲು ಖಾಲಿಯಾಯಿತು. ಅವಳೊಬ್ಬಳು ಒಳಗೆ. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಎದುರಿನ ಅಂಗಡಿಯಲ್ಲಿ ಸೋಡಾ ಕೇಳಿ, ಕುಡಿಯದೆ ಇಟ್ಟು ಮತ್ತೆ ಗೇಟಿಗೆ ಬಂದೆ. ಅವಳ ತಾಯಿ ಬೇವಿನ ಮರದ ಕೆಳಗೆ ಕೂತು, "ಕೂರ್ಚೋಂಡಿ ಟೀಚರಮ್ಮ, ನಿಮ್ಮನ್ನ ನೋಡಿ ನಂಗೆ ಭಯ ಆಗ್ತೈತೆ," ಅಂದರು. ಕೊನೆಗೆ ಹುಡುಗಿ ಬಂದಳು. ಬೆರಳಿಗೆಲ್ಲ ಶಾಯಿ.

"ಹೆಂಗಾಯ್ತು?"

"ಎಲ್ಲಾ ಪ್ರಶ್ನೆ ಓದ್ದೆ ಮಿಸ್. ಪೂರ್ತಿ ಓದ್ದೆ. ಬರ್ದಿದ್ದು ಹೆಂಗೈತೋ ಗೊತ್ತಿಲ್ಲ."

ಕನ್ನಡದಲ್ಲಿ ಪಾಸಾದಳು. ಇಂಗ್ಲಿಷ್ ಹೋಯಿತು. ಅದನ್ನು ಮತ್ತೆ ಬರೆದು ದಾಟಿದಳು. ಈಗ ಚಳ್ಳಕೆರೆಯಲ್ಲಿ ಪಿಯುಸಿ. ಭಾನುವಾರ ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾಳೆ, ನನ್ನ ಗಂಡನ ಜೊತೆ ಕೂತು ಪೇಪರಿನ ತಲೆಬರಹ ಓದುತ್ತಾಳೆ. ಇಬ್ಬರಲ್ಲಿ ಯಾರು ಮೊದಲು ತಪ್ಪುತ್ತಾರೆ ಎಂದು ಅವರಿಗೊಂದು ಆಟ. ನಮ್ಮ ಶಾಲೆಯಲ್ಲಿ ಅವಳು ಓದುತ್ತಿದ್ದ ಕೋಣೆಗೆ ಈಗ ಓದು ಕಷ್ಟವಾದ ಬೇರೆ ಮಕ್ಕಳು ಬರುತ್ತಾರೆ. ಅವರಲ್ಲಿ ಒಬ್ಬಳು ತಿಂಗಳಾದರೂ ನನ್ನೆದುರು ಬಾಯಿ ಬಿಟ್ಟಿಲ್ಲ.

ಮಗಳು ಆರನೇ ತರಗತಿಗೆ ಬಂದಿದ್ದಾಳೆ. ಓದುತ್ತಾಳೆ, ನಿಧಾನ. ಮಹಾಪ್ರಾಣ ಈಗಲೂ ಕೈ ಕೊಡುತ್ತದೆ, ಉದ್ದ ಪದ ಕಂಡರೆ ಮುಖ ಬಾಡುತ್ತದೆ. ಹೋದ ವಾರ ಅವಳ ಶಾಲೆಯ ಮೇಷ್ಟ್ರು ಸಿಕ್ಕಿ ಹೇಳಿದರು: ಸಮಾಜ ಪಾಠ ಓದಲು ಎಬ್ಬಿಸಿದಾಗ ಮಕ್ಕಳು ಗುಸುಗುಸು ಶುರು ಮಾಡಿದರಂತೆ. ಇವಳು ಪುಸ್ತಕ ಕೆಳಗಿಳಿಸಿ, "ಸಾರ್, ನಂಗೆ ಓದಕ್ಕೆ ಟೈಮ್ ಬೇಕು. ಇವ್ರಿಗೆ ಸುಮ್ನಿರಕ್ಕೆ ಹೇಳಿ," ಅಂದಳಂತೆ.

"ಆಮೇಲೆ?" ಅಂದೆ.

"ಸುಮ್ನಾದ್ರು. ಓದಿದಳು. ಬೆಲ್ ಹೊಡೆದ್ರೂ ನಿಲ್ಲಿಸಲಿಲ್ಲ ಮೇಡಂ, ಪ್ಯಾರಾ ಮುಗಿಸಿಯೇ ಕೂತಳು."

ನಾನು ಇನ್ನೂ ಏನೇನೋ ಕೇಳಬೇಕೆಂದಿದ್ದೆ. ಎಲ್ಲಿ ತಪ್ಪಿದಳು, ಯಾರು ನಕ್ಕರು, ದನಿ ನಡುಗಿತಾ. ಅಷ್ಟರಲ್ಲಿ ಮಗಳು ಶಾಲೆಯಿಂದ ಹೊರಬಂದು, "ಬಾ ಅವ್ವಾ, ಹಸಿವಾಗೈತೆ," ಎಂದು ನನ್ನ ಕೈ ಹಿಡಿದು ಎಳೆದಳು. ಬಸ್ ಸ್ಟ್ಯಾಂಡಿನ ದಾರಿಯುದ್ದಕ್ಕೂ ಕೇಳಲೋ ಬೇಡವೋ ಎಂದು ಚಡಪಡಿಸುತ್ತಾ ನಡೆದೆ. ಅವಳು ದಾರಿಯಲ್ಲಿ ಕೊಂಡ ಬೇಯಿಸಿದ ಶೇಂಗಾ ಬಿಡಿಸುತ್ತಾ, ನಾಳೆ ಆಟದ ಪೀರಿಯಡ್‌ನಲ್ಲಿ ಯಾರು ಯಾರ ತಂಡ ಎಂದು ಹೇಳುತ್ತಿದ್ದಳು. ನಾನು ಆ ಪ್ರಶ್ನೆಗಳನ್ನು ಕೇಳಲಿಲ್ಲ.